ಸಲಿಂಗಿ ನಟರು ಹೆಣ್ಣನ್ನು ಪ್ರೀತಿಸುವ ನಾಯಕನ ಪಾತ್ರದಲ್ಲಿ ನಮ್ಮನ್ನು ನಂಬಿಸುವುದು ಹೇಗೆ?

ಪ್ರೇಕ್ಷಕರು ನಂಬುವುದು ನಟನ ಖಾಸಗಿ ಒಲವನ್ನಲ್ಲ, ಆ ಕ್ಷಣದಲ್ಲಿ ಅವನು ಎದುರಿನ ಪಾತ್ರಕ್ಕೆ ಕೊಡುವ ಗಮನವನ್ನು. ಅವಳ ಮಾತು ಮುಗಿದ ಮೇಲೂ ಅರೆಗಳಿಗೆ ಹೆಚ್ಚು ನಿಲ್ಲುವ ನೋಟ, ಉತ್ತರಿಸುವ ಮೊದಲು ತಡೆದ ಉಸಿರು, ಮುಟ್ಟಲೋ ಬೇಡವೋ ಎಂದು ಅಳುಕುವ ಬೆರಳು ಇವನ್ನು ಕ್ಯಾಮೆರಾ ಹತ್ತಿರದಿಂದ ಹಿಡಿಯುತ್ತದೆ, ಸಂಕಲನಕಾರರು ಜೋಡಿಸುತ್ತಾರೆ, ಪ್ರೀತಿಯೆಂಬ ಅರ್ಥವನ್ನು ಮಾತ್ರ ನೋಡುವವರೇ ತುಂಬಿಕೊಳ್ಳುತ್ತಾರೆ. ಮುತ್ತಿನ ದೃಶ್ಯವೂ ಹೊಡೆದಾಟದ ದೃಶ್ಯದಂತೆ ಬಹುಮಟ್ಟಿಗೆ ಮೊದಲೇ ಗೊತ್ತುಮಾಡಿಕೊಂಡ ಚಲನೆಯೇ.

ಉಡುಪಿಯ ಆಸುಪಾಸಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲವೇನೋ. ಯಕ್ಷಗಾನದ ಚೌಕಿಯಲ್ಲಿ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತ, ನಡುನಡುವೆ ಚಹಾ ಗುಟುಕರಿಸುತ್ತ ಕುಳಿತಿದ್ದ ಗಂಡಸು ಸ್ವಲ್ಪ ಹೊತ್ತಿನಲ್ಲಿ ರಂಗಸ್ಥಳಕ್ಕೆ ಬಂದು ದಮಯಂತಿಯಾಗಿ ನಳನಿಗಾಗಿ ಅತ್ತರೆ, ಅವರ ಹೆಂಡತಿ ಮಕ್ಕಳನ್ನು ಬಲ್ಲ ಊರವರೂ ಕಣ್ಣೊರೆಸಿಕೊಳ್ಳುತ್ತಾರೆ. ಸ್ತ್ರೀವೇಷಧಾರಿಯ ಮನೆಯ ಬದುಕನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಮೆರಿಕದ ನೀಲ್ ಪ್ಯಾಟ್ರಿಕ್ ಹ್ಯಾರಿಸ್ 2006ರಲ್ಲಿ ತಾವು ಸಲಿಂಗಿ ಎಂದು ಬಹಿರಂಗಪಡಿಸಿದಾಗ, ಟಿವಿ ಧಾರಾವಾಹಿಯೊಂದರಲ್ಲಿ ಸದಾ ಹೆಣ್ಣುಗಳ ಬೆನ್ನು ಹತ್ತುವ ಬಾರ್ನಿಯ ಪಾತ್ರ ಮಾಡುತ್ತಿದ್ದರು. 2014ರಲ್ಲಿ ಧಾರಾವಾಹಿ ಮುಗಿಯುವವರೆಗೂ ಆ ಪಾತ್ರ ಅವರದೇ ಆಗಿತ್ತು. ಬ್ರಿಟನ್ನಿನ ಸಲಿಂಗಿ ನಟ ಜೊನಾಥನ್ ಬೈಲಿ 2022ರಲ್ಲಿ ‘ಬ್ರಿಡ್ಜರ್ಟನ್’ ಸರಣಿಯ ಎರಡನೆಯ ಭಾಗದ ಪ್ರೇಮಕಥೆಗೆ ನಾಯಕರಾದರು. ನನ್ನ ಅಭಿಪ್ರಾಯದಲ್ಲಿ ನಿಜವಾದ ತೊಡಕು ಇರುವುದು ಅಭಿನಯದಲ್ಲಲ್ಲ, ‘ಜನ ಒಪ್ಪಲಿಕ್ಕಿಲ್ಲ’ ಎಂದು ಪಾತ್ರ ಹಂಚುವ ಮೊದಲೇ ಹೆದರುವ ನಿರ್ಮಾಪಕರಲ್ಲಿ.