ಏಷ್ಯಾ ಮಹಿಳಾ ರಗ್ಬಿ: ಹದಿನೈದರ ಲೆಕ್ಕ ಬೇರೆ, ಏಳರ ಲೆಕ್ಕ ಬೇರೆ

ಪ್ರಶ್ನೆ: ಧಾರವಾಡದಲ್ಲಿ ಬಿ.ಪಿ.ಇಡಿ ಓದುತ್ತಿದ್ದೇನೆ. ಸೆಮಿನಾರಿಗೆ ಏಷ್ಯಾ ಮಹಿಳಾ ರಗ್ಬಿ ಚಾಂಪಿಯನ್‌ಷಿಪ್‌ನ ಇತಿಹಾಸ ಕೊಟ್ಟಿದ್ದಾರೆ. ಹುಡುಕಿದರೆ ಒಂದು ಕಡೆ ಕಜಾಕಸ್ತಾನ, ಒಂದು ಕಡೆ ಚೀನಾ, ಮತ್ತೊಂದು ಕಡೆ ಜಪಾನ್ ಚಾಂಪಿಯನ್ ಅಂತಿದೆ. ಯಾವುದನ್ನು ನಂಬಬೇಕು?

ಉತ್ತರ: ಮೂರನ್ನೂ ನಂಬಬಹುದು. ಆದರೆ ನಿಮ್ಮ ಕೈಗೆ ಎರಡು ಬೇರೆ ಆಟಗಳ ಪಟ್ಟಿ ಸಿಕ್ಕಿರುವಂತಿದೆ. ತಂಡಕ್ಕೆ 15 ಮಂದಿ ಆಡುವ, 40 ನಿಮಿಷದ ಎರಡು ಅವಧಿಯ ಆಟ ಒಂದು; ತಂಡಕ್ಕೆ 7 ಮಂದಿ ಆಡುವ, 7 ನಿಮಿಷದ ಎರಡು ಅವಧಿಯ 'ಸೆವೆನ್ಸ್' ಇನ್ನೊಂದು. ಸುದ್ದಿಯಲ್ಲಿ ಎರಡಕ್ಕೂ 'ಏಷ್ಯಾ ಚಾಂಪಿಯನ್‌ಷಿಪ್' ಅಂತಲೇ ಬರೆಯುತ್ತಾರೆ. ಗೊತ್ತು ಹಚ್ಚುವ ದಾರಿ ಸುಲಭ. ಒಂದೇ ತಂಡ ಒಂದೇ ದಿನ ಎರಡು ಮೂರು ಪಂದ್ಯ ಆಡಿದ್ದರೆ ಅದು ಸೆವೆನ್ಸ್. ಎರಡು ಪಂದ್ಯಗಳ ನಡುವೆ ದಿನಗಳ ಬಿಡುವಿದ್ದರೆ ಹದಿನೈದರದ್ದು.

ಏಷ್ಯನ್ ಗೇಮ್ಸ್‌ನಲ್ಲಿ ಮಹಿಳೆಯರು ಆಡುವುದು ಸೆವೆನ್ಸ್ ಮಾತ್ರ. ಅಲ್ಲಿ ಚಿನ್ನ 2010ರ ಗುವಾಂಗ್‌ಝೌನಲ್ಲಿ ಕಜಾಕಸ್ತಾನಕ್ಕೆ, 2014ರ ಇಂಚಿಯಾನ್‌ನಲ್ಲಿ ಚೀನಾಕ್ಕೆ, 2018ರ ಜಕಾರ್ತದಲ್ಲಿ ಜಪಾನಿಗೆ, 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಮತ್ತೆ ಚೀನಾಕ್ಕೆ. ನಿಮ್ಮ ಸೆಮಿನಾರಿನ ವಿಷಯ ಇದಲ್ಲ.

ಹದಿನೈದರ ಚಾಂಪಿಯನ್‌ಷಿಪ್ ಶುರುವಾಗಿದ್ದು 2006ರಲ್ಲಿ, ಚೀನಾದ ಕುನ್ಮಿಂಗ್‌ನಲ್ಲಿ. ಮೊದಲ ಪ್ರಶಸ್ತಿ ಆತಿಥೇಯರದ್ದೇ. ಆಮೇಲೆ ಹಲವು ವರ್ಷ ಕಜಾಕಸ್ತಾನದ್ದೇ ಕಾರುಬಾರು. ಅದಕ್ಕೆ ಕಾರಣ ಚಾಂಪಿಯನ್‌ಷಿಪ್‌ಗಿಂತ ಹಳೆಯದು. 1991ರಲ್ಲಿ ವೇಲ್ಸ್‌ನಲ್ಲಿ 12 ತಂಡಗಳ ಮೊದಲ ಮಹಿಳಾ ವಿಶ್ವಕಪ್ ನಡೆದಾಗ ಸೋವಿಯತ್ ಒಕ್ಕೂಟದ ತಂಡವೂ ಬಂದಿತ್ತು. ಕೈಯಲ್ಲಿ ವಿದೇಶಿ ಹಣವಿಲ್ಲದೆ, ಊರಿಂದ ತಂದಿದ್ದ ವೋಡ್ಕಾ, ಕ್ಯಾವಿಯರ್ ಮಾರಿ ಖರ್ಚು ತೂಗಿಸಲು ನೋಡಿ ಕಸ್ಟಮ್ಸ್‌ನವರ ಕಣ್ಣಿಗೆ ಬಿದ್ದ ತಂಡ ಅದು. ಅದೇ ವರ್ಷದ ಕೊನೆಗೆ ಒಕ್ಕೂಟ ಒಡೆಯಿತು, ಆಟ ಮಾತ್ರ ಉಳಿಯಿತು. 1994ರ ವಿಶ್ವಕಪ್ ಹೊತ್ತಿಗೆ, ಆ ಒಕ್ಕೂಟದಲ್ಲೇ ಇದ್ದ ಕಜಾಕಸ್ತಾನ ಸ್ವಂತ ಹೆಸರಲ್ಲಿ ಕಣದಲ್ಲಿತ್ತು. ಅಂದರೆ ಏಷ್ಯಾದ ಟೂರ್ನಿ ಹುಟ್ಟುವಾಗಲೇ ಅವರ ಬೆನ್ನಿಗೆ ಹತ್ತು ವರ್ಷಕ್ಕೂ ಮಿಕ್ಕಿದ ಅನುಭವವಿತ್ತು.

ಜಪಾನ್ 1991ರಲ್ಲೂ ಆಡಿತ್ತು, ಆದರೆ 2006, 2010, 2014ರ ವಿಶ್ವಕಪ್‌ಗಳಲ್ಲಿ ಇರಲಿಲ್ಲ. 2015ರಿಂದ ಏಷ್ಯಾದ ಕಿರೀಟ ಆ ಕಡೆ ವಾಲಿತು. 2017ರ ವಿಶ್ವಕಪ್‌ಗೆ ಏಷ್ಯಾದಿಂದ ಜಪಾನ್ ಜೊತೆ ಹಾಂಗ್‌ಕಾಂಗ್ ಕೂಡ ಹೋಯಿತು. ಹಾಂಗ್‌ಕಾಂಗ್‌ಗೆ ಅದೇ ಮೊದಲು. ಕೋವಿಡ್ ಕಾಲದಲ್ಲಿ ಮುಂದಿನ ವಿಶ್ವಕಪ್‌ನ ಏಷ್ಯಾ ಅರ್ಹತಾ ಟೂರ್ನಿ ರದ್ದಾದಾಗ ರ‍್ಯಾಂಕಿಂಗ್ ನೋಡಿ ಜಪಾನಿಗೆ ನೇರ ಜಾಗ ಕೊಟ್ಟರು. ಕಜಾಕಸ್ತಾನ ಕೊನೆಯ ಅವಕಾಶದ ಪಂದ್ಯದಲ್ಲಿ ಕೊಲಂಬಿಯಾಕ್ಕೆ ಸೋತಿತು. ಏಷ್ಯಾ ಚಾಂಪಿಯನ್‌ಷಿಪ್ ಅನ್ನು 2023ರಲ್ಲಿ ಮತ್ತು 2024ರಲ್ಲಿ ಜಪಾನೇ ಗೆದ್ದಿತು. ಎರಡನೇ ಸ್ಥಾನ ಮೊದಲು ಕಜಾಕಸ್ತಾನಕ್ಕೆ, ಆಮೇಲೆ ಹಾಂಗ್‌ಕಾಂಗ್‌ಗೆ. 2024ರ ಗೆಲುವೇ ಜಪಾನಿಗೆ 2025ರ ಇಂಗ್ಲೆಂಡ್ ವಿಶ್ವಕಪ್‌ನ ಟಿಕೆಟ್ ಆಯಿತು.

ಸೆಮಿನಾರಿನಲ್ಲಿ ಗೆದ್ದವರ ಪಟ್ಟಿ ಓದಿ ಕೂರಬೇಡಿ. ಇಷ್ಟು ದೊಡ್ಡ ಖಂಡದಲ್ಲಿ ಮೇಲಿನ ವಿಭಾಗಕ್ಕೆ ಮೂರು ನಾಲ್ಕು ದೇಶಗಳೇ ಯಾಕೆ ಎಂದು ಕೇಳಿ. ಲೆಕ್ಕ ಹೀಗಿದೆ: ಹದಿನೈದರ ಪಂದ್ಯಕ್ಕೆ 23 ಮಂದಿಯ ಪಟ್ಟಿ ಬೇಕು. ಅದರಲ್ಲಿ ಕನಿಷ್ಠ 6 ಮಂದಿ ಸ್ಕ್ರಮ್‌ನ (ಎರಡೂ ತಂಡದವರು ಬಗ್ಗಿ, ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವುದು) ಮುಂದಿನ ಸಾಲಿಗೆ ತಯಾರಾದವರಿರಬೇಕು. ಮುಂದಿನ ಸಾಲಿಗೆ ಯಾರನ್ನೋ ತಂದು ನಿಲ್ಲಿಸುವಂತಿಲ್ಲ. ಎದುರಿನ ತಳ್ಳು ತಡೆಯಲು ಬಾರದಿದ್ದರೆ ಕುತ್ತಿಗೆಗೇ ಪೆಟ್ಟು. ಅಂಥವರು ಸಾಲದಿದ್ದರೆ ರೆಫರಿ ತಳ್ಳಾಟವಿಲ್ಲದ ಸ್ಕ್ರಮ್ ಮಾಡಿಸುತ್ತಾರೆ, ಆಟದ ಅರ್ಧ ಬಲವೇ ಹೋಗುತ್ತದೆ. ಸೆವೆನ್ಸ್‌ನಲ್ಲಿ ಸ್ಕ್ರಮ್‌ಗೆ ಬರುವುದೇ ಮೂರು ಮೂರು ಮಂದಿ, 12 ಮಂದಿ ಹೊರಟರೆ ತಂಡ ಮುಗಿಯಿತು. 2009ರಲ್ಲಿ ಒಲಿಂಪಿಕ್ ಸಮಿತಿ ಸೆವೆನ್ಸ್ ಅನ್ನು 2016ರ ರಿಯೊ ಕೂಟಕ್ಕೆ ಸೇರಿಸಿದ ಮೇಲಂತೂ ಸರ್ಕಾರದ ದುಡ್ಡಿಗೆ ಕಾಯುವ ಒಕ್ಕೂಟಗಳು ಅತ್ತ ಹೊರಳಿದ್ದು ಸಹಜ.

ಪ್ರಶ್ನೆ: ಈ ಹದಿನೈದರ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಹುಡುಗಿಯರು ಎಲ್ಲಿದ್ದಾರೆ? (ಹುಬ್ಬಳ್ಳಿ)

ಉತ್ತರ: ಭಾರತ ಆಡಿದ್ದು ಕೆಳಗಿನ ವಿಭಾಗದಲ್ಲಿ. ಹದಿನೈದರಲ್ಲಿ ನಮ್ಮ ಮಹಿಳೆಯರ ಮೊದಲ ಅಂತಾರಾಷ್ಟ್ರೀಯ ಪಂದ್ಯ 2018ರ ಜೂನ್‌ನಲ್ಲಿ, ಸಿಂಗಪುರದಲ್ಲಿ. ಆ ಟೂರ್ನಿಯಲ್ಲಿ ಗೆಲುವು ಸಿಗಲಿಲ್ಲ. ಮರುವರ್ಷ ಜೂನ್‌ನಲ್ಲಿ ಮನಿಲಾದಲ್ಲಿ ಅದೇ ಸಿಂಗಪುರವನ್ನು 21-19ರಿಂದ ಸೋಲಿಸಿದರು. ವಾಬಿಜ್ ಭರೂಚಾ ನಾಯಕಿ. ಪಂದ್ಯದ ಕೊನೆಯಲ್ಲಿ ಒಡಿಶಾದ ಸುಮಿತ್ರಾ ನಾಯಕ್ ಒದ್ದ ಪೆನಾಲ್ಟಿಯೇ ಗೆಲುವು ತಂದುಕೊಟ್ಟಿತು. ಪೆನಾಲ್ಟಿ ಕಿಕ್‌ಗೆ 3 ಅಂಕ, ಗೆದ್ದ ಅಂತರ 2. ಒದೆಯುವುದನ್ನು ಅಭ್ಯಾಸದ ಕೊನೆಯ ಐದು ನಿಮಿಷಕ್ಕೆ ಮುಂದೂಡುವ ಕೋಚ್‌ಗಳು ಈ ಸ್ಕೋರನ್ನು ಗೋಡೆಗೆ ಬರೆದಿಟ್ಟುಕೊಳ್ಳಲಿ.

ಪ್ರಶ್ನೆ: ಯುರೋಪಿನ ಮಹಿಳಾ ಸಿಕ್ಸ್ ನೇಷನ್ಸ್ ಇದಕ್ಕಿಂತ ಹಳೆಯದೇ? (ಹಾವೇರಿ)

ಉತ್ತರ: ಹತ್ತು ವರ್ಷ ಹಳೆಯದು. 1996ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೇ ಸೇರಿ ಶುರು ಮಾಡಿದವು. 1999ಕ್ಕೆ ಫ್ರಾನ್ಸ್ ಬಂತು, 2000ದಲ್ಲಿ ಐರ್ಲೆಂಡ್ ಜಾಗಕ್ಕೆ ಸ್ಪೇನ್. ಐರ್ಲೆಂಡ್ ಮರಳಿದ 2002ರಲ್ಲಿ ಆರಾಯಿತು. 2007ರಲ್ಲಿ ಸ್ಪೇನ್ ಬದಲು ಇಟಲಿಯನ್ನು ತಂದರು, ಪುರುಷರ ಟೂರ್ನಿಗೆ ಹೊಂದಲಿ ಎಂದು. ಸ್ಪೇನ್‌ಗೆ ಅದು ಅನ್ಯಾಯವೇ. ಆಟದಲ್ಲಿ ಸೋತು ಹೊರಬಿದ್ದದ್ದಲ್ಲ.

ಪ್ರಶ್ನೆ: ನಮ್ಮ ಸಾಲಿ ಹುಡುಗ್ಯಾರು ಕಬಡ್ಡಿ ಭಾಳ ಚಲೋ ಆಡ್ತಾರ್ರಿ. ರಗ್ಬಿಗೆ ಹಚ್ಚಬೇಕಂದ್ರ ಏನು ಉಳಿಸಬೇಕು, ಏನು ಬಿಡಿಸಬೇಕು? ಮತ್ತ ನಮ್ಮದು ಎರಿ ಮಣ್ಣಿನ ಮೈದಾನ. (ದೈಹಿಕ ಶಿಕ್ಷಕರು, ಗದಗ ಜಿಲ್ಲೆ)

ಉತ್ತರ: ಸರ್, ರೇಡರ್ ಹುಡುಗಿಯ ಕಾಲಿನ ಚುರುಕನ್ನು ಹಾಗೇ ಉಳಿಸಿಕೊಳ್ಳಿ, ಅದು ಕಲಿಸಿ ಬರುವಂಥದ್ದಲ್ಲ. ಬಿಡಿಸಬೇಕಾದ್ದೆಲ್ಲ ಡಿಫೆಂಡರ್‌ಗಳಲ್ಲಿದೆ.

ಮೊದಲನೆಯದು ಹಿಡಿದ ಪಟ್ಟು. ಕಬಡ್ಡಿಯಲ್ಲಿ ಸೀಟಿ ಊದುವವರೆಗೆ ಬಿಡಬಾರದು. ರಗ್ಬಿಯಲ್ಲಿ ಎದುರಾಳಿ ನೆಲಕ್ಕೆ ಬಿದ್ದ ಕೂಡಲೇ ಕೈ ಬಿಟ್ಟು ಪಕ್ಕಕ್ಕೆ ಉರುಳಬೇಕು, ಇಲ್ಲದಿದ್ದರೆ ಪೆನಾಲ್ಟಿ. ಕಬಡ್ಡಿಯಿಂದ ಬಂದ ತಂಡಗಳು ಮೊದಮೊದಲು ಸೋಲುವುದು ಹೆಚ್ಚಾಗಿ ಇದೊಂದರಿಂದಲೇ. 'ಬೀಳಿಸು, ಬಿಡು, ಉರುಳು, ಏಳು' ಎಂದು ಕೂಗಿಸುತ್ತಾ ಮಾಡಿಸಿ. ಎರಡನೆಯದು ಡ್ಯಾಶ್. ತೋಳು ಸುತ್ತದೆ ಬರೀ ಭುಜ ಕೊಟ್ಟು ನೂಕಿದರೆ ತಪ್ಪು. ಮೂರನೆಯದು ಎತ್ತುವುದು. ಎದುರಾಳಿಯನ್ನು ಎತ್ತಿ ತಲೆ ಕೆಳಗಾಗುವಂತೆ ಕೆಡವಿದರೆ ಕೆಂಪು ಕಾರ್ಡೇ. ಚೈನ್ ಹಾಕಿ ಇಬ್ಬರು ಹಿಡಿಯುವುದಕ್ಕೆ ಅಡ್ಡಿಯಿಲ್ಲ, ಆದರೆ ಚೆಂಡು ಇಲ್ಲದವಳನ್ನು ಮುಟ್ಟುವಂತಿಲ್ಲ. ಭುಜದ ಗೆರೆಗಿಂತ ಮೇಲೆ ಹಿಡಿತವೂ ಬೇಡ. ಸೊಂಟ, ತೊಡೆಯನ್ನೇ ಗುರಿ ಮಾಡಿಸಿ.

ಕಲಿಸುವ ಕ್ರಮ ಹೀಗಿರಲಿ. ಮೊದಲ ಮೂರು ನಾಲ್ಕು ವಾರ ಟ್ಯಾಕಲ್ (ಹಿಡಿದು ಕೆಡವುವುದು) ಬೇಡ. ಸೊಂಟಕ್ಕೆ ಎರಡು ಬಟ್ಟೆಪಟ್ಟಿ ಸಿಕ್ಕಿಸಿ, ಅದನ್ನು ಕಿತ್ತರೆ ಔಟ್ ಎಂದು ಆಡಿಸಿ. ಚೆಂಡು ಮುಂದಕ್ಕೆ ಎಸೆಯಬಾರದು ಎನ್ನುವುದು ಇದರಲ್ಲೇ ಮೈಗೂಡುತ್ತದೆ. ಆಮೇಲೆ ಇಬ್ಬರೂ ಮೊಣಕಾಲೂರಿ, ನಂತರ ಹಿಡಿಯುವವಳು ಒಂದು ಕಾಲೂರಿ, ಮತ್ತೆ ಇಬ್ಬರೂ ನಡೆಯುತ್ತಾ, ಕೊನೆಗೆ ಓಡುತ್ತಾ. ಪ್ರತಿ ಸಲ ನೋಡಬೇಕಾದ್ದು ತಲೆ ಎಲ್ಲಿದೆ ಎಂದು. ಕೆನ್ನೆ ಎದುರಾಳಿಯ ಸೊಂಟದ ಹಿಂಬದಿಗೆ ಒತ್ತಿರಬೇಕು, ಕಣ್ಣು ತೆರೆದಿರಬೇಕು. ತಲೆ ಅವಳ ಮುಂದೆ ಹೋದರೆ ಅವಳ ಮೊಣಕಾಲಿಗೆ, ಕೆಳಗೆ ಹೋದರೆ ಅವಳ ಭಾರಕ್ಕೆ ಸಿಗುತ್ತದೆ. ಕಬಡ್ಡಿಯ ಆ್ಯಂಕಲ್ ಹೋಲ್ಡ್‌ನಲ್ಲಿ ತಲೆ ಬಗ್ಗಿಸಿ ಹಾರುವ ರೂಢಿ ಇರುವವರನ್ನು ಬೇರೆಯಾಗಿ ನಿಲ್ಲಿಸಿ ತಿದ್ದಿ.

ಇನ್ನು ನೆಲ. ಎರಿ ಮಣ್ಣು ಮಳೆಗಾಲದಲ್ಲಿ ಬೂಟಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಉಳುಕಿಸುತ್ತದೆ. ಟ್ಯಾಕಲ್ ಅಭ್ಯಾಸವನ್ನು ಮಳೆ ನಿಂತ ಮೇಲಿನ ತಿಂಗಳುಗಳಿಗೆ ಇಟ್ಟುಕೊಳ್ಳಿ. ಹಿಮ್ಮಡಿ ಒತ್ತಿದಾಗ ಗುರುತು ಮೂಡದ ನೆಲವಾದರೆ ಅವತ್ತು ಪಾಸಿಂಗ್ ಮಾತ್ರ. ಬಿರುಕು ಮುಚ್ಚಲು ಗರಸು ಹಾಕಬೇಡಿ; ಬಿದ್ದವರ ಮೊಣಕೈ, ಮಂಡಿ ತರಚುತ್ತದೆ. ಸಣ್ಣ ಮರಳು ವಾಸಿ.

ಜಿಲ್ಲಾ ಕ್ರೀಡಾಂಗಣದಲ್ಲಿ ಆಡಿಸುವುದಾದರೆ ಮೊದಲು ಅಳತೆ ಹಾಕಿ. ರಗ್ಬಿ ಮೈದಾನ ಕನಿಷ್ಠ 94 ಮೀಟರ್ ಉದ್ದ, 68 ಮೀಟರ್ ಅಗಲ, ಎರಡೂ ತುದಿಗೆ ಕನಿಷ್ಠ 6 ಮೀಟರ್ ಇನ್‌ಗೋಲ್, ಅಂದರೆ ಗೋಲ್ ಗೆರೆಯಾಚೆ ಚೆಂಡು ಊರುವ ಜಾಗ. ಸಾಮಾನ್ಯ 400 ಮೀಟರ್ ಟ್ರ್ಯಾಕಿನ ಒಳಗೆ ಇಷ್ಟು ಹಿಡಿಸುತ್ತದೆ, ಆದರೆ ನಾಲ್ಕು ಮೂಲೆಯ ಬಾವುಟಗಳು ಟ್ರ್ಯಾಕಿನ ಒಳ ಅಂಚಿಗೆ ತಾಗಿಯೇ ನಿಲ್ಲುತ್ತವೆ. ಟ್ರೈ ಹೊಡೆಯಲು, ಅಂದರೆ ಅಲ್ಲಿ ಚೆಂಡನ್ನು ನೆಲಕ್ಕೆ ಊರಿ ಅಂಕ ಗಳಿಸಲು, ಮೂಲೆಗೆ ಹಾರಿದ ಹುಡುಗಿ ಜಾರಿ ಬೀಳುವುದು ಆ ಅಂಚಿನ ಮೇಲೆ. ಸುತ್ತ 5 ಮೀಟರ್ ಬಿಡುವು ಇರಬೇಕೆನ್ನುವುದು ಇದಕ್ಕೇ. ಸಾಲಿ ಮಟ್ಟದಲ್ಲಿ ಉದ್ದ ಅಗಲ ಎರಡನ್ನೂ ಕುಗ್ಗಿಸಿ ಸೆವೆನ್ಸ್ ಆಡಿಸಿ.

ಖರ್ಚಿಗೆ ಕೈ ಬಿಗಿಯಿದ್ದರೆ ಜರ್ಸಿ ಆಮೇಲೆ ನೋಡೋಣ, ಹಲ್ಲಿನ ಗಾರ್ಡ್ ಮೊದಲು ತನ್ನಿ. ಬಿಸಿನೀರಲ್ಲಿ ಮೆದು ಮಾಡಿ ಕಚ್ಚಿ ಅಚ್ಚು ಹಾಕುವ ಬಗೆಯದು ಸಾಕು, ಒಬ್ಬೊಬ್ಬರಿಗೆ ಒಂದೊಂದು. ಹೆಚ್ಚು ಹೊತ್ತು ನೀರಲ್ಲಿ ಬಿಟ್ಟರೆ ಮುದುಡಿ ಸಡಿಲಾಗುತ್ತದೆ. ಬೂಟಿನ ಸ್ಟಡ್ 21 ಮಿಲಿಮೀಟರ್ ಮೀರಬಾರದು. ತಲೆಗೆ ಪೆಟ್ಟು ಬಿದ್ದು ಮಂಕಾದ ಹುಡುಗಿಯನ್ನು, ಅವಳು ಎಷ್ಟೇ 'ಏನೂ ಆಗಿಲ್ರಿ ಸರ್' ಅಂದರೂ, ಆ ದಿನ ಮತ್ತೆ ಇಳಿಸುವಂತಿಲ್ಲ. ವೈದ್ಯರಿಗೆ ತೋರಿಸಿ, ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಕಾಯಬೇಕು.