ಜರಡಿಯಂಥ ನೆಲದ ಊರುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮಗ ಫ್ರಾನ್ಸಿನ ತುಲೂಸ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುವವರಿದ್ದೇವೆ. ತುಲೂಸಿನ ಉತ್ತರಕ್ಕಿರುವ ಸುಣ್ಣಕಲ್ಲಿನ ಸೀಮೆಯನ್ನು ಮೂರು ದಿನಗಳಲ್ಲಿ ಕಾರಿನಲ್ಲಿ ತೋರಿಸುತ್ತೇನೆಂದು ಅವನು ಒಂಬತ್ತು ಊರುಗಳ ಪಟ್ಟಿ ಕಳುಹಿಸಿದ್ದಾನೆ. ನನ್ನ ಪತ್ನಿಗೆ ಮಂಡಿನೋವಿದೆ. ಇಷ್ಟನ್ನೂ ನೋಡಲು ಸಾಧ್ಯವೇ? — ನಿವೃತ್ತ ಬ್ಯಾಂಕ್ ಉದ್ಯೋಗಿ, ಡೊಂಬಿವಲಿ

ಉತ್ತರ: ಸಾಧ್ಯವಿದೆ, ಆದರೆ ಹಾಗೆ ಮಾಡಿದರೆ ಒಂಬತ್ತು ಊರುಗಳ ಕಾರು ನಿಲ್ಲಿಸುವ ಜಾಗಗಳನ್ನು ನೋಡಿ ಬಂದಂತಾಗುತ್ತದೆ. ಪಟ್ಟಿಯಲ್ಲಿ ಆರು ಹೆಸರುಗಳನ್ನು ಹೊಡೆದುಹಾಕಿ, ಕಾಓರ್ ಪಟ್ಟಣದ ಆಸುಪಾಸಿನಲ್ಲಿ ಒಂದೇ ಕಡೆ ಮೂರು ರಾತ್ರಿ ತಂಗುವಂತೆ ಮಗನಿಗೆ ಹೇಳಿ. ಅವನು ಬೇಸರಪಟ್ಟುಕೊಳ್ಳಬಹುದು, ಆದರೆ ಮಂಡಿಗಳು ನಿಮ್ಮನ್ನು ಹರಸುತ್ತವೆ.

ಕೆರ್ಸಿ ಎಂದು ಕರೆಯುವ ಈ ಸೀಮೆಯಲ್ಲಿ ಸಮುದ್ರಮಟ್ಟದಿಂದ ಮುನ್ನೂರು, ನಾನೂರು ಮೀಟರ್ ಎತ್ತರದ ಒಣ ಪ್ರಸ್ಥಭೂಮಿಗಳಿವೆ. ಅವುಗಳನ್ನು ಅಲ್ಲಿಯವರು ಕೋಸ್ ಎನ್ನುತ್ತಾರೆ. ಅಲ್ಲಿನ ನೆಲದ ಗುಣ ನಮ್ಮದಕ್ಕೆ ತದ್ವಿರುದ್ಧವಾದದ್ದು. ಸಹ್ಯಾದ್ರಿಯ ಕರಿಕಲ್ಲಿನ ಮೇಲೆ ಬಿದ್ದ ಮಳೆ ಮೇಲೆಮೇಲೆಯೇ ಹರಿದು ಮಾಲ್ಶೇಜ್ ಘಾಟಿನಲ್ಲಿ ಧುಮುಕುವುದನ್ನು ನೀವು ಕಂಡಿರುತ್ತೀರಿ. ಕೋಸಿನ ಮೇಲೆ ಬಿದ್ದ ಮಳೆಯಾದರೋ ಬಿರುಕುಗಳಲ್ಲಿ ಇಳಿದು ಕಾಣೆಯಾಗುತ್ತದೆ. ಕಾರಣವನ್ನು ಅರಿಯಲು ಫ್ರಾನ್ಸಿಗೇ ಹೋಗಬೇಕಾಗಿಲ್ಲ; ಹಳೆಯ ಚಾಳುಗಳ ಅಡುಗೆಮನೆಯಲ್ಲಿ ಹಾಸಿರುವ ಶಹಾಬಾದ್ ಕಲ್ಲಿನ ಮೇಲೆ ನಿಂಬೆರಸ ಚೆಲ್ಲಿ, ಅದನ್ನು ಒರೆಸದೆ ಬಿಟ್ಟರೆ ಅಲ್ಲೊಂದು ಮಂಕು ಕಲೆ ಉಳಿಯುತ್ತದಲ್ಲವೇ? ನಮ್ಮ ಕಲಬುರಗಿ ಜಿಲ್ಲೆಯ ಆ ಕಲ್ಲೂ ಸುಣ್ಣಕಲ್ಲೇ, ಹುಳಿಗೆ ಕರಗುವುದು ಅದರ ಸ್ವಭಾವ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರ ಸೌಮ್ಯವಾದ ಆಮ್ಲವಾಗುತ್ತದೆ, ಲಕ್ಷಾಂತರ ವರ್ಷಗಳಲ್ಲಿ ಅದೇ ಆಮ್ಲ ನೆಲದಡಿಯಲ್ಲಿ ಗುಹೆಗಳನ್ನೂ ನದಿಗಳನ್ನೂ ಕೊರೆಯುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಅಲ್ಲಿ ಕಾಣುವ ಪ್ರತಿಯೊಂದು ಕಟ್ಟಡಕ್ಕೂ ಅರ್ಥ ಹುಟ್ಟುತ್ತದೆ.

ಮೊದಲ ದಿನ ಕಾಓರ್ ನೋಡಿ. ಲಾಟ್ ನದಿಯ ಮೇಲೆ ಮೂರು ಗೋಪುರಗಳನ್ನು ಹೊತ್ತು ನಿಂತಿರುವ ವಾಲಾಂತ್ರೆ ಸೇತುವೆಯ ಕೆಲಸ 1308ರಲ್ಲಿ ಆರಂಭವಾಗಿ 1378ರಲ್ಲಿ ಮುಗಿಯಿತು. ಕೆಲಸ ಸಾಗದೆ ಕಂಗೆಟ್ಟ ಶಿಲ್ಪಿ ಸೈತಾನನಿಗೆ ಆತ್ಮವನ್ನು ಮಾರಿಕೊಂಡು, ಕಡೆಯಲ್ಲಿ ‘ಜರಡಿಯಲ್ಲಿ ನೀರು ತಂದುಕೊಡು’ ಎಂದು ಕೇಳಿ ಅವನನ್ನು ಸೋಲಿಸಿದನೆಂದೂ, ಸಿಟ್ಟಿಗೆದ್ದ ಸೈತಾನ ನಡುಗೋಪುರದ ಒಂದು ಕಲ್ಲನ್ನು ಮತ್ತೆ ಮತ್ತೆ ಕೀಳುತ್ತಿದ್ದನೆಂದೂ ಐತಿಹ್ಯವಿದೆ. 1879ರಲ್ಲಿ ಸೇತುವೆಯನ್ನು ಜೀರ್ಣೋದ್ಧಾರ ಮಾಡಿದ ವಾಸ್ತುಶಿಲ್ಪಿ ಪಾಲ್ ಗೂ ಆ ಗೋಪುರದ ಮೂಲೆಯಲ್ಲಿ ಕಲ್ಲು ಕೀಳುತ್ತಿರುವ ಪುಟ್ಟ ಸೈತಾನನೊಬ್ಬನನ್ನು ಕೆತ್ತಿಸಿಟ್ಟಿದ್ದಾನೆ. ಜರಡಿಯಂಥ ನೆಲದ ಮೇಲೆ ಬದುಕುವವರಿಗೆ ಮಾತ್ರ ಹೊಳೆಯಬಹುದಾದ ಕಥೆ ಇದೆಂದು ನನಗನ್ನಿಸುತ್ತದೆ. ಸೇತುವೆಯನ್ನು ದಾಟಿ ಆಚೆ ದಡಕ್ಕೆ ಹೋದರೆ, ಕೋಸಿನಲ್ಲಿ ಕಾಣೆಯಾದ ನೀರು ಬಂಡೆಯ ಬುಡದಿಂದ ಹಸಿರುನೀಲಿಯಾಗಿ ಮೇಲೇಳುವ ಚಿಲುಮೆಯನ್ನು ನೋಡಬಹುದು. ರೋಮನ್ನರ ಕಾಲದಲ್ಲಿ ಈ ಚಿಲುಮೆ ಡಿವೋನಾ ಎಂಬ ದೇವತೆಯಾಗಿತ್ತು, ಭಕ್ತರು ಹಾಕಿದ ನಾಣ್ಯಗಳು ತಳದಲ್ಲಿ ದೊರೆತಿವೆ. ಇಂದು ಪಟ್ಟಣಕ್ಕೆ ಕುಡಿಯುವ ನೀರು ಬರುವುದು ಅಲ್ಲಿಂದಲೇ.

ಎರಡನೆಯ ದಿನ ನದಿಗಿಂತ ನೂರು ಮೀಟರ್ ಎತ್ತರದ ಕಡಿಬಂಡೆಯ ಅಂಚಿನಲ್ಲಿ ಕುಳಿತಿರುವ ಸೆಂ ಸಿರ್ ಲಾಪೊಪಿಯನ್ನು ಇಟ್ಟುಕೊಳ್ಳಿ. ಬೆಳಗ್ಗೆ ಒಂಬತ್ತಕ್ಕೆ ಮೊದಲೇ ಅಲ್ಲಿರಬೇಕು, ಏಕೆಂದರೆ ಹತ್ತರ ನಂತರ ಅದು ಭಾನುವಾರದ ಮಾಥೆರಾನ್. ಒಂದು ಕಾಲಕ್ಕೆ ಮರದ ನಲ್ಲಿಗಳನ್ನು ಕಡೆಯುವ ಕುಶಲಕರ್ಮಿಗಳ ಊರಾಗಿದ್ದ ಇಲ್ಲಿಯ ಓಣಿಗಳು ಬಹಳ ಕಡಿದಾಗಿರುವುದರಿಂದ ನಿಮ್ಮ ಪತ್ನಿ ಮೇಲಿನಿಂದ ನೋಡಿಕೊಂಡರೆ ಸಾಕು. ಅವರು ನಿಜವಾಗಿಯೂ ನಡೆಯಬೇಕಾದದ್ದು ಬೂಝಿಯೇಸ್ ಬಳಿ, ನದಿಯ ದಡದಲ್ಲಿ. ಕಾಓರಿನ ದ್ರಾಕ್ಷಾರಸವನ್ನು ಬೋರ್ಡೊ ಕಡೆಗೆ ಸಾಗಿಸುತ್ತಿದ್ದ ದೋಣಿಗಳನ್ನು ದಡದಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಬಂಡೆ ನೇರವಾಗಿ ನೀರಿಗಿಳಿದಲ್ಲಿ ಎಳೆಯುವವರಿಗೆ ಕಾಲಿಡಲು ಜಾಗವಿರಲಿಲ್ಲವಾದ್ದರಿಂದ, ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬಂಡೆಯನ್ನೇ ಪಕ್ಕದಿಂದ ಕೊರೆದು ದಾರಿ ಮಾಡಲಾಯಿತು. ಸಮತಟ್ಟಾದ ದಾರಿ, ತಲೆಯ ಮೇಲೆ ಕಲ್ಲಿನ ಸೂರು, ಪಕ್ಕದಲ್ಲಿ ನದಿ.

ಮೂರನೆಯ ದಿನ ಕೋಸಿನ ಮೇಲೆ ಹೋಗಿ ಓಝೋಲ್‌ನಂಥ ಹೆಸರುವಾಸಿಯಲ್ಲದ ಹಳ್ಳಿಯೊಂದರಲ್ಲಿ ಸುಮ್ಮನೆ ಕುಳಿತು ಬನ್ನಿ. ನೀರು ನಿಲ್ಲುವ ಅಪರೂಪದ ಹೊಂಡದ ಸುತ್ತ, ಚಿಟ್ಟೆಯ ರೆಕ್ಕೆಯಂತೆ ಜೋಡಿಜೋಡಿಯಾಗಿ ಓರೆಯಿಟ್ಟ ಬಟ್ಟೆ ಒಗೆಯುವ ಚಪ್ಪಡಿಗಳಿವೆ. ಮಹಾಲಕ್ಷ್ಮಿಯ ಧೋಬಿ ಘಾಟನ್ನು ರೈಲಿನಿಂದ ದಿನವೂ ಕಂಡ ನಮಗೆ ಇದು ಕೋಟೆಗಿಂತ ಹೆಚ್ಚು ಮಾತಾಡುತ್ತದೆ. ರೊಕಾಮದೂರ್ ಎಂಬ ಯಾತ್ರಾಸ್ಥಳವನ್ನು ಬಿಡಲಾಗದೆಂದು ಮಗ ಹಟ ಹಿಡಿದರೆ, ಯಾತ್ರಿಕರು ಮೊಣಕಾಲೂರಿ ಹತ್ತುತ್ತಿದ್ದ 216 ಮೆಟ್ಟಿಲುಗಳ ಬದಲಿಗೆ ಲಿಫ್ಟ್ ಇದೆಯೆಂಬುದನ್ನು ನೆನಪಿಡಿ. ಪಾದಿರಾಕ್ ಎಂಬ 75 ಮೀಟರ್ ಆಳದ ಕುಳಿಗೂ ಲಿಫ್ಟಿದೆ. ಆದರೆ ಅಲ್ಲಿ ನೆಲದಡಿಯ ನದಿಯಲ್ಲಿ ದೋಣಿಯ ಪಯಣ ಮುಗಿದ ಮೇಲೆ ಮೆಟ್ಟಿಲುಗಳು ಬಹಳ, ಆದ್ದರಿಂದ ಮಂಡಿನೋವಿನವರಿಗೆ ನಾನು ಬೇಡವೆನ್ನುತ್ತೇನೆ.

ಪ್ರಶ್ನೆ: ನಮ್ಮ ಗೋವಾದ ಉಸಗಾಳಿಮಳದಲ್ಲಿ ಕುಶಾವತಿ ನದಿಯ ದಡದ ಜಂಬಿಟ್ಟಿಗೆಯ ಮೇಲಿನ ಆದಿಮಾನವರ ಕೆತ್ತನೆಗಳನ್ನು ಮಕ್ಕಳಿಗೆ ತೋರಿಸಿಕೊಂಡು ಬರುತ್ತಿರುತ್ತೇನೆ. ಆದಿಮಾನವರ ಚಿತ್ರಗಳಿಗೆ ಹೆಸರಾದ ಫ್ರಾನ್ಸಿನ ಲಾಸ್ಕೋದಲ್ಲಿ ತೋರಿಸುವುದು ನಕಲು ಗುಹೆಯಂತೆ. ನಕಲನ್ನು ನೋಡಲು ಅಷ್ಟು ದೂರ ಹೋಗಬೇಕೇ? — ಶಾಲಾ ಶಿಕ್ಷಕಿ, ವಾಸ್ಕೊ

ಉತ್ತರ: ನಕಲಿನ ಬಗ್ಗೆ ನನಗೂ ತಕರಾರಿತ್ತು, ಆದರೆ ಅದಕ್ಕೆ ಕಾರಣವಾದ ಸಂಗತಿಯನ್ನು ತಿಳಿದ ಮೇಲೆ ಕಡಿಮೆಯಾಯಿತು. 1940ರಲ್ಲಿ ಪತ್ತೆಯಾದ ಲಾಸ್ಕೋ ಗುಹೆಗೆ ಯುದ್ಧಾನಂತರ ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ನುಗ್ಗಿದರು. ಅವರ ಉಸಿರಿನಲ್ಲಿದ್ದ ಇಂಗಾಲದ ಡೈಆಕ್ಸೈಡ್, ತೇವ ಮತ್ತು ಶಾಖ, ಜತೆಗೆ ದೀಪಗಳ ಬೆಳಕು ಸೇರಿ ಗೋಡೆಗಳ ಮೇಲೆ ಹಸಿರು ಪಾಚಿಯನ್ನೂ ಬಿಳಿಯ ಸುಣ್ಣದ ಪೊರೆಯನ್ನೂ ಎಬ್ಬಿಸಿದವು. ಗುಹೆಯನ್ನು ಕೊರೆದ ಅನಿಲವೇ ಈಗ ಅದರ ಚಿತ್ರಗಳನ್ನು ನುಂಗಲು ಹೊರಟಿತ್ತು. 1963ರಲ್ಲಿ ಬಾಗಿಲು ಮುಚ್ಚಲಾಯಿತು. 1983ರಲ್ಲಿ ಒಂದು ಪ್ರತಿಕೃತಿ, 2016ರಲ್ಲಿ ಇನ್ನೂ ದೊಡ್ಡದಾದ ಮತ್ತೊಂದು ಪ್ರತಿಕೃತಿ ಸಿದ್ಧವಾದವು.

ಆದರೂ ಅಸಲನ್ನೇ ನೋಡಬೇಕೆನ್ನುವ ನಿಮಗೆ ನಾನು ಹೇಳುವ ಹೆಸರು ಪೆಶ್ ಮೆರ್ಲ್ ಎಂಬ ಚಿತ್ರಗುಹೆ. ಇದು ಲಾಟ್ ನದಿಯನ್ನು ಸೇರುವ ಸೆಲೆ ಎಂಬ ನದಿಯ ಕಣಿವೆಯಲ್ಲಿದೆ. (ಹೆಸರು ಕನ್ನಡದ್ದಲ್ಲ, ಆದರೆ ಇಂಗಿದ ನೀರು ಚಿಮ್ಮಿ ಬರುವ ನಾಡಿನ ನದಿಗೆ ನಾವೇ ಹೆಸರಿಟ್ಟಂತಿದೆ.) 1922ರಲ್ಲಿ ಆಂದ್ರೆ ದಾವಿದ್ ಮತ್ತು ಆನ್ರಿ ದ್ಯುತೆರ್ತ್ರ್ ಎಂಬ ಇಬ್ಬರು ಹುಡುಗರು ತೆವಳಿಕೊಂಡು ಒಳಹೊಕ್ಕು ಈ ಚಿತ್ರಗಳನ್ನು ಕಂಡರು. 1926ರಿಂದ ಸಾರ್ವಜನಿಕರಿಗೆ ತೆರೆದಿರುವ ಇಲ್ಲಿ ದಿನಕ್ಕೆ 700 ಜನರಿಗಷ್ಟೇ ಪ್ರವೇಶವಿರುವುದರಿಂದ ಟಿಕೆಟನ್ನು ಮೊದಲೇ ಕಾಯ್ದಿರಿಸಬೇಕು. ಮೈತುಂಬ ಚುಕ್ಕೆಗಳಿರುವ ಎರಡು ಕುದುರೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ವಯಸ್ಸು ಸುಮಾರು 29,000 ವರ್ಷ. ಬಲಗಡೆಯ ಕುದುರೆಯ ತಲೆಯ ಆಕಾರವನ್ನು ಬಂಡೆಯ ಅಂಚೇ ಕೊಟ್ಟಿದೆ, ಚಿತ್ರಕಾರ ಅದನ್ನು ಬಳಸಿಕೊಂಡಿದ್ದಾನೆ. ಈ ಚುಕ್ಕೆಗಳು ಬರಿಯ ಕಲ್ಪನೆಯೆಂದು ಹಲವರು ಭಾವಿಸಿದ್ದರು. ಅಂಥ ಚುಕ್ಕೆಯ ಕುದುರೆಗಳು ಆ ಕಾಲದಲ್ಲಿ ನಿಜವಾಗಿಯೂ ಇದ್ದವೆಂದು 2011ರಲ್ಲಿ ಪುರಾತನ ಡಿಎನ್ಎ ಪರೀಕ್ಷೆ ತೋರಿಸಿತು. ಪಕ್ಕದಲ್ಲಿಯೇ, ಗೋಡೆಗೆ ಅಂಗೈ ಒತ್ತಿ ಸುತ್ತ ಬಣ್ಣ ಊದಿದ ಕೈಗುರುತುಗಳಿವೆ. ನಿಮ್ಮ ಮಕ್ಕಳಿಗೆ ಹೇಳಲು ಕುದುರೆಗಿಂತ ಆ ಕೈಗಳೇ ಹೆಚ್ಚು ಒದಗಬಹುದು.

ಪ್ರಶ್ನೆ: ನಾವು ಶುದ್ಧ ಶಾಕಾಹಾರಿಗಳು. ಆ ಹಳ್ಳಿಗಳಲ್ಲಿ ಊಟಕ್ಕೇನು ಗತಿ? — ಓದುಗರು, ಮುಲುಂಡ್

ಉತ್ತರ: ಅಡುಗೆಮನೆಯುಳ್ಳ ಬಾಡಿಗೆಯ ಮನೆಯನ್ನೇ ಹಿಡಿಯಿರಿ, ಕುಕ್ಕರ್ ಒಯ್ಯಿರಿ. ಅದು ಬಾತುಕೋಳಿಯ ಸೀಮೆ. ಮುಗ್ಧವಾಗಿ ಕಾಣುವ ಹುರಿದ ಆಲೂಗಡ್ಡೆಯನ್ನೂ ಬಾತುಕೋಳಿಯ ಕೊಬ್ಬಿನಲ್ಲಿ ಹುರಿದಿರುತ್ತಾರೆ. ರೊಕಾಮದೂರಿನ ಹೆಸರಿನ ಪುಟ್ಟ ಬಿಲ್ಲೆಯಂಥ ಮೇಕೆ ಹಾಲಿನ ಚೀಸ್ ಪ್ರಸಿದ್ಧವಾದರೂ, ಅಲ್ಲಿನ ಸಾಂಪ್ರದಾಯಿಕ ಚೀಸುಗಳಿಗೆ ಹಾಲನ್ನು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುವುದು ವಾಡಿಕೆ ಎಂಬುದನ್ನು ತಿಳಿದೇ ನಿರ್ಧರಿಸಿ. ಆಕ್ರೋಟು, ಬ್ರೆಡ್ಡು, ಹಣ್ಣು, ಸಂತೆಯ ತರಕಾರಿಗೆ ಕೊರತೆಯಿಲ್ಲ. ಭಾನುವಾರ ಮಧ್ಯಾಹ್ನದ ನಂತರ ಮತ್ತು ಸೋಮವಾರ ಅಂಗಡಿಗಳು ಮುಚ್ಚಿರುವುದು ಸಾಮಾನ್ಯ.

ಪ್ರಶ್ನೆ: ರಾಜಗಡ, ತೋರಣಾ, ಹರಿಶ್ಚಂದ್ರಗಡಗಳನ್ನು ಹಲವು ಸಲ ಹತ್ತಿದ್ದೇನೆ. ಒಂದು ವಾರ ಆ ಪ್ರದೇಶದಲ್ಲಿ ಒಬ್ಬನೇ ನಡೆಯಬೇಕೆಂದಿದೆ. ದಾರಿ ತಪ್ಪುವ ಭಯವಿದೆಯೇ? — ಓದುಗರು, ಕೋಥರೂಡ್, ಪುಣೆ

ಉತ್ತರ: ಫಿಝಾಕ್‌ನಿಂದ ಕಾಓರ್‌ವರೆಗೆ, ಕಝಾರ್ಕ್ ಮತ್ತು ಲಿಮೋಞ್ ಊರುಗಳ ಮೂಲಕ ಸುಮಾರು 90 ಕಿಲೋಮೀಟರ್ ನಡೆಯಿರಿ, ಐದು ದಿನ ಸಾಕು. ಇದು ಸ್ಪೇನಿನ ಸಾಂತಿಯಾಗೊಗೆ ಹೋಗುವ ಯಾತ್ರಿಕರ ಹಳೆಯ ದಾರಿ, ಇಂದಿನ ಹೆಸರು ಜಿಆರ್ 65. ಪುಣೆಯವರಾದ ನಿಮಗೆ ಆಳಂದಿಯಿಂದ ಪಂಢರಪುರಕ್ಕೆ ನಡೆಯುವ ವಾರಿ ನೆನಪಾಗುವುದು ಸಹಜ. ಆದರೆ ಇಲ್ಲಿ ದಿಂಡಿಯಿಲ್ಲ, ಅಭಂಗವಿಲ್ಲ. ಗಂಟೆಗಟ್ಟಲೆ ಕುಳ್ಳ ಓಕ್ ಮರಗಳ ನಡುವೆ ನೀವೊಬ್ಬರೇ.

ಬಂಡೆ, ಮರ, ಕಂಬಗಳ ಮೇಲೆ ಬಿಳಿಯ ಪಟ್ಟಿ, ಅದರ ಕೆಳಗೆ ಕೆಂಪು ಪಟ್ಟಿ ಕಂಡರೆ ದಾರಿ ಸರಿಯಿದೆ ಎಂದರ್ಥ. ಅವೆರಡೂ ಅಡ್ಡಡ್ಡ ದಾಟಿದ ಗುಣಾಕಾರದ ಚಿಹ್ನೆಯಂತಿದ್ದರೆ ಆ ಕಡೆ ಹೋಗಬೇಡಿ ಎಂದರ್ಥ. ಹಳದಿಯ ಒಂಟಿ ಪಟ್ಟಿ ಸ್ಥಳೀಯ ಕಿರುದಾರಿಯದು. ಮಾತಿನ ಭರದಲ್ಲಿ ಅಡ್ಡಚಿಹ್ನೆಯನ್ನು ಗಮನಿಸದೆ ನಾನೊಮ್ಮೆ ಒಂದು ಗಂಟೆ ತಪ್ಪುದಾರಿಯಲ್ಲಿ ನಡೆದು, ಕುರಿಹಟ್ಟಿಯೊಂದರ ನಾಯಿಗಳ ಮುಂದೆ ನಿಂತಿದ್ದೆ. ಗಡಗಳನ್ನು ಹತ್ತಿದ ನಿಮಗೆ ಏರು ಲೆಕ್ಕಕ್ಕೇ ಬರದು, ನಿಮ್ಮನ್ನು ಕಾಡುವುದು ನೀರು. ನಮ್ಮ ಕೋಟೆಗಳಲ್ಲಿ ಕರಿಕಲ್ಲಿನಲ್ಲಿ ಕೊರೆದ ತೊಟ್ಟಿಗಳು ನೀರನ್ನು ಹಿಡಿದಿಡುತ್ತವೆ, ಕೋಸಿನಲ್ಲಿ ಹಳ್ಳಿಯಿಂದ ಹಳ್ಳಿಗೆ ತೊರೆಯೇ ಇರುವುದಿಲ್ಲ. ಹೊರಡುವಾಗಲೇ ಎರಡು ಲೀಟರ್ ತುಂಬಿಕೊಳ್ಳಿ. ನಲ್ಲಿಯ ಮೇಲೆ ‘ನೋಂ ಪೋತಾಬ್ಲ್’ ಎಂದು ಬರೆದಿದ್ದರೆ ಆ ನೀರು ಕುಡಿಯಲು ಯೋಗ್ಯವಲ್ಲ.

ಮೊದಲೆರಡು ದಿನಗಳ ನಡುವೆ ಗ್ರೆಯಾಲು ಎಂಬಲ್ಲಿ ದಾರಿಯ ಪಕ್ಕದಲ್ಲಿಯೇ ಒಂದು ಶಿಲಾಗೋರಿಯಿದೆ. ಹಿರೇಬೆಣಕಲ್ಲಿನ ಮೋರ್ಯರ ಮನೆಗಳನ್ನು ನೋಡಿದವರು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲದೆ ಮುಂದೆ ಹೋಗಲಾರರು. ಗದ್ದೆಯಿಂದ ಆಯ್ದ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿ ಕಟ್ಟಿದ ಗೋಡೆಗಳೂ, ಕುರುಬರು ಮಳೆಗೆ ತಲೆ ಮರೆಸಿಕೊಳ್ಳುತ್ತಿದ್ದ ‘ಕಾಝೆಲ್’ ಎಂಬ ಕಲ್ಲಿನ ಗುಡಿಸಲುಗಳೂ ದಾರಿಯುದ್ದಕ್ಕೂ ಸಿಗುತ್ತವೆ. ಗಾರೆಯಿಲ್ಲದೆ ಕಲ್ಲು ಕಟ್ಟುವ ಈ ವಿದ್ಯೆಯನ್ನು ಫ್ರಾನ್ಸ್ ಸೇರಿದಂತೆ ಯುರೋಪಿನ ಎಂಟು ದೇಶಗಳ ಹೆಸರಿನಲ್ಲಿ ಯುನೆಸ್ಕೊ 2018ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆ ಹತ್ತಿದ ರೂಢಿಯಲ್ಲಿ ಆ ಗೋಡೆಗಳನ್ನು ಏರಬೇಡಿ, ಒಂದು ಕಲ್ಲು ಜಾರಿದರೆ ಮಾರುದ್ದ ಕುಸಿಯುತ್ತದೆ. ಏಪ್ರಿಲ್‌ನಿಂದ ಜೂನ್ ನಡುವೆ ಹೋದರೆ ಬಿಸಿಲು ಹಿತವಾಗಿರುತ್ತದೆ. ಶರತ್ಕಾಲವನ್ನೇ ಆರಿಸಿಕೊಂಡರೆ ಅದು ಬೇಟೆಯ ಕಾಲವೂ ಆದ್ದರಿಂದ ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ತೊಡಿ. ಕುರಿಗಳ ಬೇಲಿಯ ಗೇಟನ್ನು ತೆರೆದು ದಾಟಿದ ಮೇಲೆ ಮರೆಯದೆ ಹಾಕಿಕೊಂಡು ಹೋಗಿ.