ಅವರು ಆಡದ ಮಾತು

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕೆಲವು ಸಂದರ್ಭಗಳನ್ನು ಬದಲಿಸಿದ್ದೇನೆ. ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ.)

ಜುಲೈ ತಿಂಗಳ ಮಳೆಯಲ್ಲಿ ಆಪ್ತಸಮಾಲೋಚನೆಗೆಂದು ಮಡಿಕೇರಿಗೆ ಬಂದು ನನ್ನೆದುರು ಕುಳಿತವರು ಹೇಳಿದ ಮೊದಲ ಮಾತು: "ಮೇಡಂ, ನನ್ನ ಪ್ರವಚನದಿಂದ ಒಬ್ಬ ಹೆಂಗಸಿನ ಕೈ ಸುಟ್ಟಿತು."

ಅವರಿಗೆ ನಲವತ್ತರ ಹತ್ತಿರ. ಸೋಮವಾರಪೇಟೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಹಲವು ವರ್ಷ ರೈಟರ್ ಆಗಿದ್ದವರು. ಕಾರ್ಮಿಕರ ಹಾಜರಿ, ವಾರದ ಬಟವಾಡೆ, ಅವರು ವಾಸಿಸುವ ಸಾಲುಮನೆಗಳ ಅಂದರೆ ಲೈನ್ ಮನೆಗಳ ಜಗಳ ಎಲ್ಲವೂ ಅವರ ಬಳಿಗೇ ಬರುತ್ತಿದ್ದವು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆಯ ಗುಡ್ಡಗಳು ಕುಸಿದಾಗ ಒಂದು ಪರಿಹಾರ ಕೇಂದ್ರದಲ್ಲಿ ನೆರವಿಗೆ ನಿಂತರು. ರಾತ್ರಿ ಮಳೆ ಜೋರಾದರೆ ಸಾಕು, ಮಕ್ಕಳು ಮುದುಕರೆನ್ನದೆ ಎಲ್ಲರೂ ಎದ್ದು ಕೂರುತ್ತಿದ್ದರು. ಇವರು ಭಜನೆ ಹೇಳಿಸಿದರು, ನಡುನಡುವೆ ಪುರಾಣದ ಕತೆ ಹೇಳಿದರು. ಜನ ಮತ್ತೆ ಮಲಗಿದರು. "ರೈಟರೇ" ಎನ್ನುತ್ತಿದ್ದವರು ಕೇಂದ್ರ ಮುಚ್ಚುವ ಹೊತ್ತಿಗೆ "ಗುರುಗಳೇ" ಎನ್ನತೊಡಗಿದ್ದರು. ಆಮೇಲೆ ಪ್ರತಿ ಗುರುವಾರ ಸಂಜೆ ಪ್ರವಚನ. ರೈಟರ್ ಕೆಲಸ ಬಿಟ್ಟರು.

ಮೂರ್ಛೆರೋಗಕ್ಕೆ ವರ್ಷಗಳಿಂದ ಮಾತ್ರೆ ನುಂಗುತ್ತಿದ್ದ ಲೈನ್ ಮನೆಯ ಹೆಂಗಸೊಬ್ಬರು ಒಂದು ಗುರುವಾರ ಕೇಳಿದ್ದು ಇಷ್ಟು: "ಭಯ ಇರುವ ಮನೆಯಲ್ಲಿ ನಂಬಿಕೆ ಕಾಲಿಡುವುದಿಲ್ಲ." ಮಾತ್ರೆ ನುಂಗುವುದೇ ಭಯದ ಗುರುತು ಎಂದುಕೊಂಡು ಮರುದಿನದಿಂದ ನಿಲ್ಲಿಸಿದರು. ಕೆಲವು ದಿನಗಳಲ್ಲಿ ಒಲೆಯ ಮುಂದೆ ಮೂರ್ಛೆ ಬಂದು ಕೈ ಕೆಂಡದ ಮೇಲೆ ಬಿತ್ತು. ಈ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಮೂರ್ಛೆ ಮರುಕಳಿಸಬಹುದು. ಒಮ್ಮೊಮ್ಮೆ ಒಂದರ ಹಿಂದೆ ಒಂದು ಬಂದು ಪ್ರಾಣಕ್ಕೇ ಎರವಾಗುತ್ತದೆ. ಅವರು ಉಳಿದರು.

"ಮಾತ್ರೆ ಬಿಡಿ ಎಂದು ನಾನು ಹೇಳಿಯೇ ಇಲ್ಲ." ಇದನ್ನು ಅವರು ಆ ದಿನ ಐದಾರು ಸಲ ಹೇಳಿದರು. ಅದು ನಿಜವೂ ಹೌದು.

ಮೊದಲ ಭೇಟಿಯ ಟಿಪ್ಪಣಿಯನ್ನು ಸಂಜೆ ಓದಿದಾಗ ಒಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಮುಕ್ಕಾಲು ಗಂಟೆಯಲ್ಲಿ ನಾನು ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ತಲೆಯಾಡಿಸುತ್ತಾ ಕೇಳಿದ್ದೆ, ಅಷ್ಟೇ. ಇಪ್ಪತ್ತು ವರ್ಷ ಕೇಳುವುದನ್ನೇ ವೃತ್ತಿ ಮಾಡಿಕೊಂಡ ನನ್ನ ಗತಿಯೇ ಹೀಗಾದರೆ ದಿನವಿಡೀ ತೋಟದಲ್ಲಿ ದುಡಿದು ದಣಿದು ಬಂದು ಕೂತವರ ಪಾಡೇನು?

ಎರಡನೆಯ ಭೇಟಿಗೆ ಮೊಬೈಲಿನಲ್ಲಿ ಧ್ವನಿಮುದ್ರಿಸಿದ ಪ್ರವಚನ ತರಲು ಹೇಳಿದೆ. ಇಬ್ಬರೂ ಕೂತು ಕೇಳಿದೆವು. ಮುಖ್ಯ ಮಾತಿಗೆ ಮುಂಚೆ ಅವರ ಧ್ವನಿ ತಗ್ಗುತ್ತದೆ. ಜನ ಮುಂದಕ್ಕೆ ಬಾಗಲೇಬೇಕು. "ಹೌದೋ ಅಲ್ಲವೋ?" ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ; ನಾಲ್ಕು ಸಲ "ಹೌದು" ಎಂದ ಸಭೆಗೆ ಐದನೆಯ ಸಲ "ಅಲ್ಲ" ಎನ್ನುವುದು ಕಷ್ಟ. ಎದ್ದು ನಿಂತು ತನಗಾದ ಒಳ್ಳೆಯದನ್ನು ಹೇಳಿ ಅಳುವ ಒಬ್ಬರು, ಅದರ ಬೆನ್ನಿಗೇ ಕಾಣಿಕೆಯ ತಟ್ಟೆ. ಇದರಲ್ಲಿ ಮೋಸದ ಉದ್ದೇಶ ನನಗೆ ಕಾಣಲಿಲ್ಲ. ಕಲಿಯದೆಯೇ ಕೈಗೆ ಹತ್ತಿದ ವಿದ್ಯೆ ಅದು.

ಒಂದು ಕಡೆ ಮಾತ್ರ ನಾನು ಮೊಬೈಲನ್ನು ನಿಲ್ಲಿಸಿದೆ. "ಕುಡುಕ ಗಂಡನ ಕೈಯಲ್ಲಿ ಏಟು ತಿಂದ ಒಬ್ಬ ತಾಯಿ" ಎಂಬ ಉದಾಹರಣೆ. ಆ ತಾಯಿ ಯಾರೆಂದು ಕೇಳಿದೆ. ಅವರು ತಲೆ ತಗ್ಗಿಸಿದರು. ಏಕಾಂತದಲ್ಲಿ ಹೇಳಿಕೊಂಡ ನೋವದು. ಆ ಲೈನಿನಲ್ಲಿ ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತಾಗುತ್ತದೆ. ನನಗೆ ಸಿಟ್ಟು ಬಂದಿತ್ತು, ಅದನ್ನು ಅವರಿಂದ ಮುಚ್ಚಿಡಲಿಲ್ಲ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ (1864–1920) ಅಧಿಕಾರವನ್ನು ಮೂರು ಬಗೆಯಾಗಿ ನೋಡಿದರು: ಸಂಪ್ರದಾಯದಿಂದ ಬಂದದ್ದು, ಕಾನೂನಿನಿಂದ ಬಂದದ್ದು, ವ್ಯಕ್ತಿಯ ವರ್ಚಸ್ಸಿನಿಂದ ಬಂದದ್ದು. ಮೊದಲನೆಯದಕ್ಕೆ ಕೊಡಗಿನಲ್ಲಿ ದೂರ ಹೋಗಬೇಕಿಲ್ಲ. ಕೊಡವರ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಪಟ್ಟೆದಾರರು ಒಕ್ಕದ (ಕುಲದ) ಹಿರಿಯರೆಂಬ ಕಾರಣಕ್ಕೇ ಮಾನ್ಯರು, ಮಾತುಗಾರರಾಗಬೇಕಿಲ್ಲ. ವರ್ಚಸ್ಸು ಹಾಗಲ್ಲ. ಅದು ಹೆಚ್ಚಾಗಿ ಸಂಕಟದ ಕಾಲದಲ್ಲಿ ಹುಟ್ಟುತ್ತದೆ, ಜನ ಒಪ್ಪಿದಷ್ಟು ದಿನ ಮಾತ್ರ ಬಾಳುತ್ತದೆ, ಆದ್ದರಿಂದ ಮತ್ತೆ ಮತ್ತೆ ಸಾಬೀತಾಗಬೇಕು. ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಬುಧವಾರ ರಾತ್ರಿ ತನಗೆ ನಿದ್ದೆ ಬರುವುದಿಲ್ಲವೆಂದೂ ಮನೆಯಲ್ಲಿ ಮಾತನಾಡಿದರೂ ಹೆಂಡತಿ "ಇದು ಪ್ರವಚನದ ಧ್ವನಿ" ಎನ್ನುತ್ತಾರೆಂದೂ ಆಮೇಲೆ ಹೇಳಿದರು. ಅವರು ಬಂದದ್ದು ಆ ಹೆಂಗಸಿಗಾಗಿ ಮಾತ್ರವಲ್ಲ ಎಂದು ನನಗೆ ಆಗ ತಿಳಿಯಿತು.

ಪ್ರವಚನ ನಿಲ್ಲಿಸಲೇ ಎಂದು ಕೇಳಿದರು. ಬೇಡ ಎಂದೆ. ಆ ಮಾತಿನಿಂದ ರಾತ್ರಿ ನಿದ್ದೆ ಮಾಡಿದವರೂ ಇದ್ದಾರೆ. ಬದಲಿಗೆ, ಮೊದಲು ಆ ಹೆಂಗಸಿನ ಮನೆಗೆ ಹೋಗಿ ಕ್ಷಮೆ ಕೇಳಿ ಎಂದೆ, "ನಾನು ಹೇಳಿರಲಿಲ್ಲ" ಎಂಬ ಸಾಲನ್ನು ಬಾಗಿಲ ಹೊರಗೇ ಬಿಟ್ಟು. ಆಡುವವನಿಗೆ ತಾನು ಏನು ಹೇಳಿದೆ ಎಂಬುದಷ್ಟೇ ಗೊತ್ತು; ಅದು ಇನ್ನೊಬ್ಬರ ಮನೆಯಲ್ಲಿ ಏನಾಯಿತು ಎಂದು ವಿಚಾರಿಸುವುದೂ ಅವನದೇ ಕೆಲಸ. ನಂತರ ಅದೇ ಸಭೆಯಲ್ಲಿ, ಅದೇ ತಗ್ಗಿದ ಧ್ವನಿಯಲ್ಲಿ, ವೈದ್ಯರನ್ನು ಕೇಳದೆ ಯಾರೂ ಔಷಧಿ ಬಿಡಬಾರದೆಂದು ಹೇಳಬೇಕು. ತಟ್ಟೆ ಅಂದೇ ತಿರುಗಬಾರದು. ಕೊಡುವವರು ಒಂದು ರಾತ್ರಿ ಕಳೆದು ಕೊಡಲಿ. ಏಕಾಂತದ ಮಾತು ಏಕಾಂತದಲ್ಲೇ ಉಳಿಯಬೇಕು. ಕೊನೆಯ ಕಾಲು ಗಂಟೆ ಪ್ರಶ್ನೆಗಳಿಗೆ ಮೀಸಲು, ಒಪ್ಪದವರಿಗೂ ಕುರ್ಚಿ. ಮನಸ್ಸಿನ ಕಷ್ಟ ಹೇಳಿಕೊಂಡು ಬರುವವರಿಗೆ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಅನ್ನು ಬರೆದು ಕೊಡಲು ಹೇಳಿದೆ. ಅವರ ನಿದ್ದೆಯ ಬಗ್ಗೆ ಮನೋವೈದ್ಯರಿಗೆ ಪತ್ರ ಕೊಟ್ಟೆ.

ಅವರು ಬಹುಪಾಲು ಮಾಡಿದರು. ಮೊದಲ ಎರಡು ಗುರುವಾರ ಯಾರೂ ಪ್ರಶ್ನೆ ಕೇಳಲಿಲ್ಲ. ಮೂರನೆಯದರಲ್ಲಿ ಒಬ್ಬ ಹುಡುಗ ಎದ್ದು ನಿಂತನಂತೆ. ಒಂದಷ್ಟು ಜನ ಬರುವುದನ್ನು ಬಿಟ್ಟರು. ಅದು ಅವರಿಗೆ ನೋವು ತಂದಿದೆ, ಅದನ್ನು ಅವರು ಅಡಗಿಸುತ್ತಿಲ್ಲ.

ನಾಲ್ಕನೆಯ ಭೇಟಿಯಲ್ಲಿ ಸಂತೋಷದಿಂದ ಹೇಳಿದರು: ಆ ಹೆಂಗಸು ಈಗ ಒಂದು ದಿನವೂ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಏಕೆಂದು ಕೇಳಿದೆ.

"ಗುರುಗಳು ಹೇಳಿದ್ದಾರೆ ಎನ್ನುತ್ತಾರೆ, ಮೇಡಂ," ಎಂದವರು ಅಲ್ಲಿಗೇ ತಡೆದು ನಿಂತರು.

ಮುಂದಿನ ತಪಾಸಣೆಗೆ ಅವರ ಜೊತೆ ನೀವೂ ಆಸ್ಪತ್ರೆಗೆ ಹೋಗಿ, ಮಾತ್ರೆ ಏಕೆಂದು ವೈದ್ಯರನ್ನು ಅವರೇ ಕೇಳಲಿ, ನೀವು ಬಾಯಿ ತೆರೆಯಬೇಡಿ ಎಂದೆ. ಕಾಫಿ ಕೊಯ್ಲು ಮುಗಿದ ಮೇಲೆ ಮತ್ತೆ ಬರುತ್ತಾರೆ.